ಅವನು ಬೇಡ ಅಂದ, ನಾನು ಸುಮ್ಮನಾದೆ

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲಿನ ಭಾನುವಾರ ನನ್ನ ತಮ್ಮ ಗಿರೀಶ ಸಿಡ್ನಿಯ ನಮ್ಮ ಮನೆಯ ಅಡಿಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದ. ಡಾಕ್ಟರ ಹತ್ತಿರ ಹೋಗಬೇಕಾ ಎಂದು ಕೇಳಿದೆ. ಬೇಡ ಅಂದ. ನಾನು ಇನ್ನೊಂದು ಸಲ ಕೇಳಲಿಲ್ಲ.

ನಾನು ಮಾಡದೆ ಬಿಟ್ಟದ್ದು ಇಷ್ಟೇ. ಇದೇನು ಅಂಥ ದೊಡ್ಡ ತಪ್ಪು ಎಂದು ಓದುವವರಿಗೆ ಅನ್ನಿಸಬಹುದು. ಆದರೆ ಅದರಿಂದ ನನ್ನ ತಮ್ಮ ಸಾವಿನ ಬಾಗಿಲ ತನಕ ಹೋಗಿ ಬಂದ. ನಾನು ಓದಿದ್ದು ಏಳನೇ ಕ್ಲಾಸು, ಬರೆಯುವ ಅಭ್ಯಾಸವಿಲ್ಲ. ಆದರೂ ಬರೆಯಬೇಕು ಅನ್ನಿಸಿತು.

ನಮ್ಮದು ಮೈಸೂರು. ಅಪ್ಪ ಮದುವೆ ಅಡಿಗೆ ಮಾಡುವವರ ಜೊತೆ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಪಂಕ್ತಿಯಲ್ಲಿ ಜನ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಬೇಡ ಬೇಡ’ ಅನ್ನುವಾಗ, ಬೆರಳ ಸಂದಿಯಲ್ಲಿ ಲಾಡು ಇಳಿಸಿ ಮುಂದಕ್ಕೆ ಹೋಗುವುದರಲ್ಲಿ ಅಪ್ಪನದು ಎತ್ತಿದ ಕೈ. ಯಾರಿಗೆ ನಿಜವಾಗಿ ಬೇಡ, ಯಾರು ಸಂಕೋಚಕ್ಕೆ ಬೇಡ ಅನ್ನುತ್ತಾರೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು. ಅಮ್ಮ ತೀರಿಕೊಂಡಾಗ ಗಿರೀಶನಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ನಾನು ಶಾಲೆ ಬಿಟ್ಟು ಅವನನ್ನು ನೋಡಿಕೊಂಡೆ. ಅವನು ನನಗೆ ತಮ್ಮ ಅನ್ನುವುದಕ್ಕಿಂತ ಮಗ ಎಂದರೆ ಸರಿ.

ದೊಡ್ಡವನಾದ ಮೇಲೆ ಅವನು ಅಡಿಗೆ ಕಲಿತು ಜಪಾನಿಗೆ ಹೋದ. ಅಲ್ಲಿನ ಒಂದು ಇಂಡಿಯನ್ ಹೋಟೆಲಿನಲ್ಲಿ ಏಳೆಂಟು ವರ್ಷ ದುಡಿದ. ಅಷ್ಟರಲ್ಲಿ ನಾನು ಮದುವೆಯಾಗಿ ಸಿಡ್ನಿಗೆ ಬಂದಿದ್ದೆ. ನಮ್ಮ ಯಜಮಾನರು ಬಸ್ ಓಡಿಸುತ್ತಾರೆ. ನಾನು ಹ್ಯಾರಿಸ್ ಪಾರ್ಕಿನ ಒಂದು ಹೋಟೆಲಿನಲ್ಲಿ ದೋಸೆ ಹಿಟ್ಟು, ಚಟ್ನಿ ನೋಡಿಕೊಳ್ಳುತ್ತೇನೆ. ಆ ಹಬ್ಬಕ್ಕೆ ಎರಡು ವರ್ಷ ಮೊದಲು ಗಿರೀಶನೂ ಜಪಾನ್ ಬಿಟ್ಟು ಮೆಲ್ಬರ್ನಿಗೆ ಬಂದ. ಒಂದೇ ದೇಶಕ್ಕೆ ಬಂದೆವಲ್ಲ ಎಂದು ಖುಷಿಪಟ್ಟೆವು. ಆದರೆ ಭೇಟಿಯಾಗುತ್ತಿದ್ದದ್ದು ವರ್ಷಕ್ಕೊಮ್ಮೆ.

ಹಬ್ಬ ಶುಕ್ರವಾರ ಬಂದಿತ್ತು. ಶುಕ್ರವಾರ ಇಲ್ಲಿ ಯಾರಿಗೆ ರಜೆ? ಅದಕ್ಕೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಕೆಲವರನ್ನು ಕರೆದಿದ್ದೆ. ನಾವಿರುವ ಟೂಂಗಾಬಿಯಲ್ಲಿ ನಮಗೆ ಪರಿಚಯದ ಕನ್ನಡದವರಲ್ಲಿ ಹೆಚ್ಚಿನವರು ನಾರ್ವೆಸ್ಟ್ ಕಡೆ ದೊಡ್ಡ ಆಫೀಸುಗಳಲ್ಲಿ ಇರುವವರು. ಅವರೆಲ್ಲ ಮಾರ್ಟ್‌ಗೇಜು, ಮಕ್ಕಳ ಟ್ಯೂಷನ್ನು, ಹಾಲಿಡೇ ಎಂದು ಮಾತಾಡುವಾಗ ನಾನು ಬಡಿಸುತ್ತಾ ಓಡಾಡಿಕೊಂಡಿರುತ್ತೇನೆ. ಅಂಥವರು ನಮ್ಮ ಬಾಡಿಗೆ ಮನೆಗೆ ಬಂದು ನೆಲದ ಮೇಲೆ ಕೂತು ಊಟ ಮಾಡುತ್ತಾರೆ ಅನ್ನುವುದೇ ನನಗೊಂದು ಹೆಮ್ಮೆ. ಗಿರೀಶ ಶನಿವಾರವೇ ಬಂದಿದ್ದ. ನನ್ನ ಜೊತೆ ಕೂತು ಹೋಳಿಗೆ ತಟ್ಟಿದ.

ಬಂದವರಲ್ಲಿ ರಘು ಮತ್ತು ವೀಣಾ ಎಂಬ ಗಂಡ ಹೆಂಡತಿ ಆಗಷ್ಟೇ ಜಪಾನ್ ಪ್ರವಾಸ ಮುಗಿಸಿ ಬಂದಿದ್ದರು. ಊಟಕ್ಕೆ ಕೂರುವ ಮೊದಲೇ ವೀಣಾ ಫೋನ್ ತೆಗೆದು ಫೋಟೋ ತೋರಿಸಲು ಶುರು ಮಾಡಿದರು.

“ಸುಧಾ, ನೀವು ನಂಬಲ್ಲ. ರೋಡಲ್ಲಿ ಒಂದು ಕಸದ ತೊಟ್ಟಿ ಇಲ್ಲ, ಆದ್ರೂ ಒಂದು ಚೂರು ಕಸ ಇಲ್ಲ!”

“ಟ್ರೇನ್ ಒಂದು ನಿಮಿಷ ಲೇಟಾದ್ರೆ ಬಗ್ಗಿ ಬಗ್ಗಿ ಸಾರಿ ಕೇಳ್ತಾರೆ,” ಎಂದರು ರಘು. “ನಾನು ಟ್ಯಾಕ್ಸಿಯಲ್ಲಿ ಪರ್ಸ್ ಬಿಟ್ಟಿದ್ದೆ. ಸಾಯಂಕಾಲ ಹೋಟೆಲ್ ರಿಸೆಪ್ಷನ್ನಿಗೆ ಬಂತು. ಮನುಷ್ಯರು ಅಂದ್ರೆ ಅವರು ಕಣ್ರೀ.”

ಆಮೇಲೆ ಎಲ್ಲರ ಕಣ್ಣು ಗಿರೀಶನ ಮೇಲೆ ಬಿತ್ತು. ಅಷ್ಟು ವರ್ಷ ಅಲ್ಲಿದ್ದವನು ಅವನೇ ತಾನೆ. ಅವನು “ಹೂಂ, ಚೆನ್ನಾಗಿದೆ” ಅಂದ.

“ಅಷ್ಟೇನಾ? ನಾವು ಹತ್ತು ದಿನ ಇದ್ದು ಬಂದು ಇಷ್ಟು ಮಾತಾಡ್ತಿದ್ದೀವಿ. ಹೇಳ್ರೀ ಗಿರಿ, ಅಲ್ಲಿ ಲೈಫ್ ಹೇಗೆ?” ಎಂದರು ರಘು.

“ಚೆನ್ನಾಗಿದೆ ಸಾರ್.”

“ಸುಮ್ನೆ ಬಿಡಲ್ಲ ನಾವು. ಹೇಳ್ಲೇಬೇಕು.”

ಇಷ್ಟು ಬಲವಂತ ಮಾಡಿದ ಮೇಲೆ ಅವನು ಬಾಯಿ ಬಿಟ್ಟ. ಮೊದಲು ಮೆಲ್ಲಗೆ, ತಲೆ ಬಗ್ಗಿಸಿಕೊಂಡು.

ಅವನಿದ್ದ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರಂತೆ. ದಿನಾ ಬೆಳಿಗ್ಗೆ ಇವನನ್ನು ನೋಡಿ ಬಗ್ಗಿ ನಮಸ್ಕಾರ ಮಾಡುವರು. ಇವನು ಕಸದ ಚೀಲ ಇಟ್ಟು ಕೆಲಸಕ್ಕೆ ಹೋದರೆ, ಸಂಜೆ ಬರುವಷ್ಟರಲ್ಲಿ ಆ ಚೀಲ ಇವನ ಬಾಗಿಲ ಮುಂದೆ ವಾಪಸ್ ಬಂದು ಕೂತಿರುವುದು. ಬಿಚ್ಚಿ, ಒಳಗಿದ್ದದ್ದನ್ನು ನೋಡಿ, ಮತ್ತೆ ನೀಟಾಗಿ ಗಂಟು ಹಾಕಿ. “ಏನು ತಪ್ಪು ಮಾಡಿದೆ ಅಂತ ಒಂದು ದಿನಾನೂ ಹೇಳ್ಲಿಲ್ಲ. ಬಯ್ದಿದ್ರೆ ಕಲಿತ್ಕೋತಿದ್ದೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ನಗು, ಅದೇ ನಮಸ್ಕಾರ.”

ಬಾಡಿಗೆ ಮನೆ ಹುಡುಕಲು ಹೋದರೆ ಏಜೆಂಟು ಟೀ ಕೊಟ್ಟು ಕೂರಿಸಿ ಮನೆಯವರಿಗೆ ಫೋನ್ ಮಾಡುವನಂತೆ. ಹೊರದೇಶದವರು ಎಂದು ಹೇಳುವನಂತೆ. ಫೋನಿಟ್ಟು, ಸ್ವಲ್ಪ ಕಷ್ಟ ಎಂದು ಬಗ್ಗುವನಂತೆ. “ಅಲ್ಲಿ ಆಗಲ್ಲ ಅಂತ ಯಾರೂ ಅನ್ನಲ್ಲ. ಸ್ವಲ್ಪ ಕಷ್ಟ ಅಂತಾರೆ. ಅಂದ್ರೆ ಆಗಲ್ಲ ಅಂತ ನಾವೇ ಅರ್ಥ ಮಾಡ್ಕೋಬೇಕು. ಟ್ರೇನಲ್ಲಿ ಎಷ್ಟು ರಶ್ ಇದ್ರೂ ನನ್ನ ಪಕ್ಕದ ಸೀಟು ಖಾಲಿ ಇರೋದು.”

“ಆರಾಮಾಗಿ ಕಾಲು ಚಾಚ್ಕೊಂಡು ಹೋಗ್ಬಹುದಲ್ಲ!” ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಗಿರೀಶ ನಗಲಿಲ್ಲ. ಅವನ ದನಿ ಸ್ವಲ್ಪ ಏರಿತು. “ಜ್ವರ ಬಂದು ಒಂದು ದಿನ ರಜೆ ಹಾಕಿದ್ರೆ, ಮಾರನೇ ದಿನ ಸಿಹಿ ಡಬ್ಬ ತಗೊಂಡು ಹೋಗಿ ಪ್ರತಿಯೊಬ್ಬರ ಮುಂದೆ ನಿಂತು ತೊಂದ್ರೆ ಕೊಟ್ಟೆ, ಕ್ಷಮಿಸಿ ಅನ್ಬೇಕು. ಜ್ವರ ಬಂದಿದ್ದು ನನಗೆ, ಕ್ಷಮೆ ಕೇಳೋನೂ ನಾನೇ. ಆಮೇಲಾಮೇಲೆ ಜ್ವರ ಬಂದ್ರೂ ಹೇಳ್ತಾನೇ ಇರ್ಲಿಲ್ಲ, ಕೆಲಸಕ್ಕೆ ಹೋಗ್ಬಿಡ್ತಿದ್ದೆ. ಪರ್ಸ್ ವಾಪಸ್ ಬರುತ್ತೆ ಸಾರ್, ನಿಜ. ನಂದೂ ಬಂದಿತ್ತು. ಆದ್ರೆ ಎಂಟು ವರ್ಷದಲ್ಲಿ ಒಬ್ಬರ ಮನೆ ಹೊಸಿಲು ತುಳೀಲಿಲ್ಲ ನಾನು.”

ವೀಣಾ ಫೋನನ್ನು ಬ್ಯಾಗಿನೊಳಗೆ ಹಾಕಿಕೊಂಡರು. ಅವರ ಮುಖ ಸಣ್ಣದಾಗಿತ್ತು. ರಘು ವಾತಾವರಣ ತಿಳಿಮಾಡಲು ಹೋಗಿ, “ಗಿರಿ, ನೀವೆಲ್ಲೋ ಬೇರೆ ಜಪಾನ್‌ಗೆ ಹೋಗಿದ್ರಿ ಅನ್ಸುತ್ತೆ!” ಅಂದರು. ಮತ್ತೆ ನಗು.

ಆಗ ನಾನು ಬಾಯಿ ಹಾಕಿದೆ. ಕೈಯಲ್ಲಿ ತುಪ್ಪದ ಬಟ್ಟಲಿತ್ತು. ಕರೆದ ಅತಿಥಿಗಳಿಗೆ ಬೇಜಾರಾಯಿತಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

“ಅವನ ಮಾತು ಬಿಡಿ ವೀಣಾ. ಅವನಿಗೆ ಎಲ್ಲಿ ಹೋದ್ರೂ ಹೊಂದ್ಕೊಂಡು ಹೋಗೋಕೆ ಬರಲ್ಲ. ಅನ್ನ ಹಾಕಿದ ದೇಶಾನೇ ಬಯ್ತಾನೆ. ನಾಳೆ ಆಸ್ಟ್ರೇಲಿಯಾನೂ ಬಯ್ತಾನೆ, ನಾಡಿದ್ದು ನನ್ನನ್ನೂ ಬಯ್ತಾನೆ.”

ಈ ಸಲ ನಗು ಜೋರಾಗಿಯೇ ಬಂತು. ಗಿರೀಶ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಅವನೂ ನಕ್ಕ. “ಸಾರಿ, ಸಾರಿ. ನಾನು ಏನೇನೋ ಮಾತಾಡ್ಬಿಟ್ಟೆ” ಎಂದು ಕೂತಲ್ಲೇ ತಲೆ ಬಗ್ಗಿಸಿದ. ಅವನು ಹಾಗೆ ಬಗ್ಗಿದ್ದನ್ನು ನೋಡಿ ಒಬ್ಬರು ಚಪ್ಪಾಳೆ ತಟ್ಟಿದರು. ಜಪಾನಿನವರ ಹಾಗೇ ಬಗ್ಗುತ್ತಾನೆ ಎಂದು.

ಊಟಕ್ಕೆ ಕೂತಾಗ ಅವನು ಹೋಳಿಗೆಯನ್ನು ಮುರಿದು ಎಲೆಯಲ್ಲೇ ಬಿಟ್ಟಿದ್ದ. ನೋಡಿದೆ. ಸಿಟ್ಟು ಬಂದಿದೆ ಅಂದುಕೊಂಡೆ.

ಎಲ್ಲರೂ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವನು ಅಡಿಗೆಮನೆಗೆ ಬಂದು ಸಿಂಕಿನ ಪಕ್ಕ ನಿಂತ. ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡು, ಇನ್ನೊಂದನ್ನು ಹೊಟ್ಟೆಗೆ ಒತ್ತಿಕೊಂಡಿದ್ದ. ಹಣೆಯಲ್ಲಿ ಬೆವರು. ಚಳಿಗಾಲ, ಹೀಟರ್ ಕೂಡ ಹಾಕಿರಲಿಲ್ಲ.

“ಯಾಕೋ, ಹೊಟ್ಟೆ ನೋವಾ? ಡಾಕ್ಟ್ರ ಹತ್ರ ಹೋಗ್ಬೇಕಾ?”

“ಬೇಡ ಅಕ್ಕ. ಗ್ಯಾಸು. ನೀನು ಹೋಗು, ಅವರು ಕಾಯ್ತಿದ್ದಾರೆ.”

ಹೊರಗಿನಿಂದ ವೀಣಾ, “ಸುಧಾ, ಕುಂಕುಮ ಕೊಡಿ, ನಾವು ಹೊರಡ್ತೀವಿ” ಎಂದು ಕೂಗಿದರು. ನಾನು ಹೋದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಬ್ರೇಕಿನಲ್ಲಿ ಜೊತೆಯವರು ಟೀ ಬೇಕಾ ಎಂದು ಕೇಳುವರು. ನಾನು ನಮ್ಮ ರೂಢಿಯಂತೆ ಬೇಡ ಅನ್ನುತ್ತಿದ್ದೆ. ಇನ್ನೊಂದು ಸಲ ಕೇಳಲಿ, ಆಮೇಲೆ ತೆಗೆದುಕೊಂಡರಾಯಿತು ಎಂದು. ಅವರು “ನೋ ವರೀಸ್” ಎಂದು ತಮ್ಮ ಪಾಡಿಗೆ ಟೀ ಕುಡಿಯುತ್ತಿದ್ದರು. ಎಷ್ಟೋ ದಿನ ಟೀ ಇಲ್ಲದೆ ಕೆಲಸ ಮಾಡಿದೆ. ಇಲ್ಲಿಯವರಿಗೆ ಬೇಡ ಎಂದರೆ ಬೇಡ. ಎರಡನೇ ಸಲ ಕೇಳಿದರೆ ಅವರ ಮಾತಿಗೆ ಬೆಲೆ ಕೊಡಲಿಲ್ಲ ಅಂತಾಗುತ್ತದೆ. ಇದೆಂಥ ಕಲ್ಲು ಮನಸ್ಸಿನ ಜನ ಎಂದು ಮನೆಗೆ ಬಂದು ಬಯ್ದುಕೊಂಡಿದ್ದೇನೆ. ಆಮೇಲೆ ಅದೇ ನನಗೂ ರೂಢಿಯಾಯಿತು. ರೂಢಿ ಎಂದರೆ ಸಾಲದು, ಇಷ್ಟವೂ ಆಯಿತು. ಕೇಳಿದೆ, ಬೇಡ ಅಂದರು, ಮುಗಿಯಿತು. ಮೈಮೇಲೆ ಏನೂ ಭಾರ ಉಳಿಯುವುದಿಲ್ಲ. ಆ ಭಾನುವಾರ ಗಿರೀಶ ಬೇಡ ಅಂದಾಗ, ಸದ್ಯ, ಎಂದು ನನಗೆ ಹಗುರವಾದದ್ದು ಈಗಲೂ ನೆನಪಿದೆ.

ಮಂಗಳವಾರದ ತನಕ ಇರುತ್ತೇನೆ ಎಂದಿದ್ದವನು ಸೋಮವಾರ ಬೆಳಿಗ್ಗೆಯೇ ಹೊರಟ. ಕೆಲಸಕ್ಕೆ ಕರೆದಿದ್ದಾರೆ ಅಂದ. ಸ್ಟೇಷನ್ನಿಗೆ ಬಿಡುತ್ತೇನೆ ಎಂದರೆ ಬೇಡ, ನಡೆದು ಹೋಗುತ್ತೇನೆ ಅಂದ. ಅದಕ್ಕೂ ಸುಮ್ಮನಾದೆ. ಸಂಜೆ ‘ತಲುಪಿದೆ’ ಎಂದು ಒಂದು ಮೆಸೇಜು ಬಂತು. ಮಂಗಳವಾರ ನಾನು ಫೋನ್ ಮಾಡಿದಾಗ ಎತ್ತಲಿಲ್ಲ. ಮುನಿಸು ಇಳಿಯಲಿ ಎಂದು ಬಿಟ್ಟೆ.

ಬುಧವಾರ ಬೆಳಿಗ್ಗೆ ನಾನು ಕೆಲಸದಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗಿರೀಶ ಕೆಲಸ ಮಾಡುವ ಹೋಟೆಲಿನ ಯಜಮಾನರು. ತೆಲುಗಿನವರು, ಬೆಂಗಳೂರಿನಲ್ಲಿ ಇದ್ದು ಬಂದವರು. ಕನ್ನಡದಲ್ಲೇ ಮಾತಾಡಿದರು.

“ಮೇಡಮ್, ಗಿರಿ ನಿಮ್ಮ ಜೊತೆನೇ ಇದ್ದಾನಾ? ನಿನ್ನೆ ಕೆಲಸಕ್ಕೆ ಬರ್ತೀನಿ ಅಂದಿದ್ದ, ಬಂದಿಲ್ಲ. ನಾನು ಬಯ್ಯೋಕೆ ಮಾಡಿಲ್ಲ. ಅವನು ಒಂದೇ ಸಮ ಸಾರಿ ಅಂತ ಮೆಸೇಜ್ ಹಾಕ್ತಾನೇ ಇದ್ದ. ತೊಂದ್ರೆ ಕೊಡ್ತಿದ್ದೀನಿ ಕ್ಷಮಿಸಿ, ನಾಳೆ ಖಂಡಿತ ಬರ್ತೀನಿ ಅಂತ. ಯಾಕೆ ಅಂತ ಕೇಳಿದ್ರೆ ಹೇಳಲ್ಲ. ಫೋನೂ ಎತ್ತಲ್ಲ. ಇವತ್ತು ಬೆಳಿಗ್ಗೆಯಿಂದ ಅದೂ ಬಂದಿಲ್ಲ, ಅದಕ್ಕೇ ಭಯ ಆಯ್ತು.”

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಜ್ವರ ಬಂದರೂ ಹೇಳುತ್ತಿರಲಿಲ್ಲ ಎಂದು ಅವನು ಎಲ್ಲರೆದುರು ಅಂದದ್ದು, ಸಿಂಕಿನ ಪಕ್ಕ ಹೊಟ್ಟೆ ಒತ್ತಿಕೊಂಡು ನಿಂತಿದ್ದದ್ದು, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು.

ಕೈ ತೊಳೆದುಕೊಂಡು ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ನಮ್ಮ ಯಜಮಾನರಿಗೆ ಮಾಡಿದೆ. ಅವರು ಡ್ರೈವಿಂಗಿನಲ್ಲಿದ್ದರು. ಕೊನೆಯ ಸ್ಟಾಪಿನಲ್ಲಿ ಎತ್ತಿ, “ಗಾಬರಿ ಆಗ್ಬೇಡ. ಪೊಲೀಸಿಗೆ ಹೇಳಿದ್ರೆ ಅವರು ಹೋಗಿ ನೋಡ್ತಾರೆ” ಅಂದರು.

“ಪೊಲೀಸ್ನೋರು ಕೇಳಿದ್ರೆ ಅವನು ಒಳಗಿಂದ ಐ ಯಾಮ್ ಫೈನ್ ಅಂತಾನೆ ಕಣ್ರೀ. ಅವರು ಥ್ಯಾಂಕ್ಯೂ ಅಂತ ಹೋಗ್ತಾರೆ. ನಾನೇ ಹೋಗ್ಬೇಕು.”

ಅವರು ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿ ಫೋನಿಗೆ ಕಳಿಸಿದರು. ನಾನು ಒಬ್ಬಳೇ ವಿಮಾನ ಹತ್ತಿದ್ದು ಅದೇ ಮೊದಲು. ಮೈಯಿಂದ ಉದ್ದಿನಹಿಟ್ಟಿನ ವಾಸನೆ ಬರುತ್ತಿತ್ತು, ಕಾಲಲ್ಲಿ ಅಡಿಗೆಮನೆಯ ಚಪ್ಪಲಿ. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮುಖ ನೋಡಿ “ಆರ್ ಯು ಓಕೆ?” ಅಂದಳು. ನನ್ನ ಬಾಯಿಂದ ತಾನಾಗಿಯೇ “ಯೆಸ್, ಫೈನ್” ಎಂದು ಬಂತು. ಅವಳು ಮುಗುಳ್ನಕ್ಕು ಕಿವಿಗೆ ಹಾಡು ಸಿಕ್ಕಿಸಿಕೊಂಡಳು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ತಿರುಗಿಕೊಂಡು ಅಳುತ್ತಿದ್ದೆ.

ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಸಿಕ್ಕ ಟ್ಯಾಕ್ಸಿಯವರು ಪಂಜಾಬಿನ ಸರ್ದಾರ್ಜಿ, ವಯಸ್ಸಾದವರು. ಗಿರೀಶ ಇರುವ ಟಾರ್ನೀಟಿನ ವಿಳಾಸ ತೋರಿಸಿದೆ. ಕನ್ನಡಿಯಲ್ಲಿ ನನ್ನನ್ನು ನೋಡಿ “ಕ್ಯಾ ಹುವಾ ಬೆಹನ್‌ಜಿ?” ಎಂದರು. ನನ್ನ ಹರಕು ಹಿಂದಿಯಲ್ಲಿ ಏನಿಲ್ಲ ಎಂದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದರು. ಮತ್ತೆ ಏನಿಲ್ಲ ಎಂದೆ. ಸಿಗ್ನಲಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಿರುಗಿ ಮೂರನೇ ಸಲ ಕೇಳಿದರು. ಆಗ ಎಲ್ಲ ಹೇಳಿದೆ. ಅವರು ಗಾಡಿ ಜೋರು ಮಾಡಿದರು.

ಗಿರೀಶ ಇದ್ದದ್ದು ನಾಲ್ಕೈದು ಜನ ಒಂದೊಂದು ರೂಮು ಹಿಡಿದು ಇರುವ ಮನೆಯಲ್ಲಿ. ಬೆಲ್ ಒತ್ತಿದಾಗ ಒಬ್ಬ ಬಿಳಿಯ ಹುಡುಗ ಬಾಗಿಲು ತೆಗೆದ. ಲ್ಯೂಕ್ ಎಂದು ಹೆಸರು ಹೇಳಿದ. ಕಾಲೇಜಿಗೆ ಹೋಗುವವನು, ಒಳ್ಳೆಯ ಮುಖ. ಗಿರೀಶನ ಅಕ್ಕ ಎಂದೆ.

“ಓ, ಅವನು ರೂಮಲ್ಲೇ ಇದ್ದಾನೆ. ಹುಷಾರಿಲ್ಲ ಅನ್ಸುತ್ತೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ. “ನಿನ್ನೆ ಒಳಗಿಂದ ನರಳಿದ ಹಾಗೆ ಕೇಳಿಸ್ತು. ಬಾಗಿಲು ತಟ್ಟಿ, ಓಕೆನಾ ಮೇಟ್ ಅಂತ ಕೇಳಿದೆ. ಆಲ್ ಗುಡ್ ಅಂದ. ಅವನು ಯಾರ ತಂಟೆಗೂ ಬರದೆ ಇರೋನು, ಅದಕ್ಕೆ ಮತ್ತೆ ತೊಂದ್ರೆ ಕೊಡ್ಲಿಲ್ಲ.”

ಅವನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ನರಳುವುದು ಕೇಳಿಸಿಯೂ ಒಂದೇ ಸಲ ಕೇಳಿ ಹೋದನಲ್ಲ ಎಂದು. ಆದರೆ ನಾನು ಮಾಡಿದ್ದೂ ಅದನ್ನೇ. ಅವನು ಮನೆ ಹಂಚಿಕೊಂಡವನು, ನಾನು ಎತ್ತಿ ಆಡಿಸಿದವಳು. ಯಾವ ಕೈಯಿಂದ ಬಾರಿಸಲಿ?

ರೂಮಿನ ಬಾಗಿಲು ಒಳಗಿನಿಂದ ಲಾಕ್ ಆಗಿತ್ತು. ತಟ್ಟಿದೆ.

“ಗಿರೀ.”

ಏನೂ ಇಲ್ಲ. ಮತ್ತೆ ತಟ್ಟಿದೆ. ಸ್ವಲ್ಪ ಹೊತ್ತಾದ ಮೇಲೆ ದನಿ ಬಂತು.

“ಅಕ್ಕಾ? ನೀನ್ಯಾಕೆ ಬಂದೆ?”

“ಬಾಗಿಲು ತೆಗಿ.”

“ಏನಿಲ್ಲ. ಮಲಗಿದ್ದೆ. ಈಗ ಪರವಾಗಿಲ್ಲ. ನೀನು ಹೋಗು ಅಕ್ಕ, ನಾನು ಆಮೇಲೆ ಫೋನ್ ಮಾಡ್ತೀನಿ.”

ಒಂದೊಂದು ಪದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. ಮಾತು ಅರ್ಥವಾಗದಿದ್ದರೂ ದನಿ ಕೇಳಿ ಲ್ಯೂಕ್, “ಇದ್ದಾನಲ್ಲ, ಸದ್ಯ” ಅಂದ. ಅವನಿಗೆ ಸಮಾಧಾನವಾಗಿತ್ತು. ಸರ್ದಾರ್ಜಿ ನನ್ನ ಹಿಂದೆಯೇ ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದರು.

“ಬಾಗಿಲು ತೆಗಿ ಗಿರೀ.”

“ಬೇಡ ಅಕ್ಕ.”

“ಒಂದು ಸಲ ಮುಖ ತೋರ್ಸು, ಹೋಗ್ತೀನಿ.”

“ಬೇಡ ಅಂದೆನಲ್ಲ. ಅಲ್ಲಿ ಬೇರೆಯವರಿದ್ದಾರೆ. ಅವರಿಗೆಲ್ಲ ತೊಂದ್ರೆ ಆಗುತ್ತೆ.”

“ಆಗ್ಲಿ. ಇಡೀ ಬೀದಿಗೇ ತೊಂದ್ರೆ ಕೊಡ್ತೀನಿ ನಾನು. ತೆಗೀತೀಯೋ ಇಲ್ವೋ?”

ಒಳಗೆ ಏನೋ ಉರುಳಿದ ಸದ್ದಾಯಿತು. ಲೋಟ ಇರಬೇಕು. ಆಮೇಲೆ ಸದ್ದಿಲ್ಲ. ನಾನು ಬಾಗಿಲಿಗೆ ಕೆನ್ನೆ ಒತ್ತಿ ನಿಂತೆ. ಚಿಕ್ಕವನಿದ್ದಾಗ ಜ್ವರ ಬಂದರೆ ಅವನು ಅಳುತ್ತಿರಲಿಲ್ಲ, ಹೀಗೇ ಸುಮ್ಮನಾಗಿಬಿಡುತ್ತಿದ್ದ.

“ಗಿರೀ, ಏಳೋಕಾಗ್ತಿದ್ಯೇನೋ?”

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಮಗುವಿನ ದನಿಯಲ್ಲಿ, “ಇಲ್ಲ ಅಕ್ಕ” ಅಂದ.

ನಾನು ಹಿಂದಕ್ಕೆ ತಿರುಗಿ ಸರ್ದಾರ್ಜಿಗೆ ಬಾಗಿಲು ಮುರಿಯಿರಿ ಎಂದು ಹಿಂದಿಯಲ್ಲಿ “ತೋಡೋ” ಎಂದೆ. ಲ್ಯೂಕ್ ಅಡ್ಡ ಬಂದು, ಇದು ಬಾಡಿಗೆ ಮನೆ, ಏಜೆಂಟಿಗೆ ಕೇಳದೆ ಹಾಗೆಲ್ಲ ಮುರಿಯುವಂತಿಲ್ಲ, ಅದೂ ಅವನ ಪ್ರೈವೇಟ್ ರೂಮು ಎಂದು ಏನೇನೋ ಹೇಳತೊಡಗಿದ. ಕೆಟ್ಟವನಲ್ಲ, ಹೆದರಿದ್ದ. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಒಟ್ಟು ಮಾಡಿ, “ಹೀ ಡೈ. ಯು ವಾಂಟ್?” ಎಂದೆ. ಅವನ ಮುಖ ಬಿಳಿಚಿಕೊಂಡಿತು. ಪಕ್ಕಕ್ಕೆ ಸರಿದ. ಸರ್ದಾರ್ಜಿ ಭುಜ ಕೊಟ್ಟು ಒಂದು ಸಲ ಗುದ್ದಿದರು. ಆಗಲಿಲ್ಲ. ಎರಡನೇ ಸಲಕ್ಕೆ ಲ್ಯೂಕ್ ತಾನೂ ಭುಜ ಕೊಟ್ಟ. ಚೌಕಟ್ಟು ಸೀಳಿ ಬಾಗಿಲು ಒಳಕ್ಕೆ ಬಿತ್ತು.

ಗಿರೀಶ ಹಾಸಿಗೆಯ ಪಕ್ಕ ನೆಲದ ಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದ. ತುಟಿ ಬೂದು ಬಣ್ಣ. ಮೈ ಮುಟ್ಟಿದರೆ ಕಾದ ಕಾವಲಿ. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಕೈ ಇಟ್ಟ ಕೂಡಲೇ ಕಿರುಚಿದ. ಸರ್ದಾರ್ಜಿ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು. ಲ್ಯೂಕ್ ಒದ್ದೆ ಟವೆಲ್ ತಂದು ಕೊಟ್ಟು, “ಅವನು ಆಲ್ ಗುಡ್ ಅಂದಿದ್ದ” ಎಂದು ಒಂದೇ ಸಮನೆ ಹೇಳುತ್ತಿದ್ದ.

ಗಿರೀಶ ಕಣ್ಣು ಬಿಟ್ಟು ಮುರಿದ ಬಾಗಿಲನ್ನು ನೋಡಿದ. ಆಮೇಲೆ ಲ್ಯೂಕ್‌ನನ್ನು ನೋಡಿ “ಸಾರಿ” ಅಂದ. ಅಂಥ ಹೊತ್ತಿನಲ್ಲೂ.

ಸ್ಟ್ರೆಚರಿನ ಹಿಂದೆ ನಾನೂ ಆಂಬುಲೆನ್ಸ್ ಹತ್ತಿದೆ. ಆ ಗಡಿಬಿಡಿಯಲ್ಲಿ ಸರ್ದಾರ್ಜಿಯ ಹೆಸರನ್ನೂ ಕೇಳಲಿಲ್ಲ. ಅವರು ಎಲ್ಲೇ ಇರಲಿ, ಚೆನ್ನಾಗಿರಲಿ.

ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿತ್ತು. ಮಂಗಳವಾರ ನೋವು ಒಮ್ಮೆಲೇ ಕಡಿಮೆಯಾಗಿ ವಾಸಿಯಾಯಿತು ಅಂದುಕೊಂಡನಂತೆ. ಅದು ಒಡೆದದ್ದೇ ಆಗ ಇರಬೇಕು ಎಂದು ಡಾಕ್ಟರಮ್ಮ ಆಮೇಲೆ ವಿವರಿಸಿದರು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಅವರು ಹೇಳಿದ ಮಾತುಗಳಲ್ಲಿ ನನಗೆ ತಿಳಿದದ್ದು ‘ವೆರಿ ಸೀರಿಯಸ್’ ಎಂಬುದೊಂದೇ. ನಾನು ಕಾರಿಡಾರಿನ ಕುರ್ಚಿಯಲ್ಲಿ ಕೂತೆ. ದೇವರ ಹೆಸರು ಬಾಯಿಗೆ ಬರಲಿಲ್ಲ. ಅಪ್ಪನ ಮುಖ ಬರುತ್ತಿತ್ತು. ಪಂಕ್ತಿಯ ಕೊನೆಯಲ್ಲಿ ನಿಂತು, ಮಗಳೇ, ನೀನು ಮುಖ ನೋಡಲಿಲ್ಲವೇನೇ ಎಂದು ಕೇಳಿದ ಹಾಗೆ. ಒಬ್ಬ ನರ್ಸ್ ಬಂದು ಆಪರೇಷನ್ ಆಯಿತು, ಬದುಕಿದ್ದಾನೆ ಎಂದು ಹೇಳಿದಾಗ ನಾನು ಕೂತಲ್ಲೇ ಕೈ ಮುಗಿದೆ.

ಮೊದಲ ಎರಡು ದಿನ ಅವನಿಗೆ ಸರಿಯಾಗಿ ಎಚ್ಚರವಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ನರ್ಸ್ ಬಂದು, ಒಂದರಿಂದ ಹತ್ತರಲ್ಲಿ ನೋವು ಎಷ್ಟು ಎಂದು ಕೇಳಿದಳು. ಗಿರೀಶ ನಗುತ್ತಾ “ಟೂ” ಅಂದ. ಅವನ ಬಲಗೈ ಹೊದಿಕೆಯ ಅಂಚನ್ನು ಹಿಂಡುತ್ತಿತ್ತು. ನರ್ಸ್ ಬರೆದುಕೊಂಡು ಹೊರಟಳು.

“ನೋ ಟೂ. ಹೀ ಲೈ,” ಎಂದೆ ನಾನು. “ಯು ಆಸ್ಕ್ ಅಗೈನ್.”

ಅವಳು ತಿರುಗಿ ಬಂದು ಮತ್ತೆ ಕೇಳಿದಳು. “ಫೋರ್” ಅಂದ.

“ಅಗೈನ್.”

ಅವಳಿಗೆ ನಗು ಬಂತು. ಮತ್ತೆ ಕೇಳಿದಳು. ಗಿರೀಶ ನನ್ನನ್ನು ದುರುಗುಟ್ಟಿ ನೋಡಿ, ಕೊನೆಗೆ “ಎಯ್ಟ್” ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವಳು ಓಡಿಹೋಗಿ ಔಷಧಿ ತಂದಳು.

ಅದೇ ದಿನ ಮಧ್ಯಾಹ್ನ ರಘು, ವೀಣಾ ವಿಡಿಯೋ ಕಾಲ್ ಮಾಡಿದರು. ಅವರ ಮನೆಯಲ್ಲಿ ಆವತ್ತಿನ ಊಟಕ್ಕೆ ಬಂದಿದ್ದವರೆಲ್ಲ ಸೇರಿದ್ದರು. ಪಾಪ, ನಿಜವಾದ ಕಾಳಜಿಯಿಂದಲೇ ಮಾಡಿದ್ದು. ಫೋನನ್ನು ಗಿರೀಶನ ಮುಖದ ಮುಂದೆ ಹಿಡಿದೆ.

“ಏನ್ರೀ ಗಿರಿ, ಹೀಗಾ ಹೆದರಿಸೋದು? ಅವತ್ತೇ ಒಂದು ಮಾತು ಹೇಳಿದ್ರೆ ನಾನೇ ಕಾರಲ್ಲಿ ಎಮರ್ಜೆನ್ಸಿಗೆ ಕರ್ಕೊಂಡು ಹೋಗ್ತಿದ್ದೆ,” ಎಂದರು ರಘು.

“ಹೇಳ್ಬೇಕಿತ್ತು ನೀವು,” ಎಂದರು ವೀಣಾ. ಹಿಂದಿನಿಂದ ಇನ್ಯಾರೋ, “ಬಾಯಿಬಿಟ್ಟು ಹೇಳದಿದ್ರೆ ಯಾರಿಗೆ ತಾನೆ ಗೊತ್ತಾಗುತ್ತೆ?” ಅಂದರು.

ಗಿರೀಶ ದಿಂಬಿನ ಮೇಲೆಯೇ ತಲೆ ಬಗ್ಗಿಸಲು ನೋಡಿದ. “ಹೌದು ಸಾರ್, ನಂದೇ ತಪ್ಪು. ನಿಮಗೆಲ್ಲ ತೊಂದ್ರೆ ಕೊಟ್ಟೆ. ಸಾರಿ...”

ನಾನು ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ. ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಕ್ಷಮೆ ಕೇಳುವ ರೂಢಿ ಇಲ್ಲ. ಜಗಳವಾದರೆ ಮಾರನೇ ದಿನ ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತದೆ, ಅಷ್ಟೇ. ಅಂಗಡಿಯಲ್ಲಿ ಟ್ರಾಲಿ ತಗುಲಿದರೆ ಗುರುತಿಲ್ಲದವರಿಗೆ ಸಾರಿ ಎನ್ನುವ ನಾನು, ಅವನು ಹುಟ್ಟಿದಾಗಿನಿಂದ ಅವನಿಗೆ ಒಂದು ಸಲವೂ ಅಂದವಳಲ್ಲ. ಆದರೆ ಅವಮಾನ ಮಾಡಿದ್ದು ಇವರೆಲ್ಲರ ಮುಂದೆ. ಕಿವಿಯಲ್ಲಿ ಗುಟ್ಟಾಗಿ ಕೇಳಿದರೆ ಆಗುವುದಿಲ್ಲ ಅನ್ನಿಸಿತು.

“ಅವನು ಹೇಳ್ದ ರಘು ಅವರೇ,” ಎಂದೆ. “ನೀವೆಲ್ಲ ಬಲವಂತ ಮಾಡಿ ಕೇಳಿದ್ರಿ, ಅವನು ಬಾಯಿಬಿಟ್ಟು ಹೇಳ್ದ. ಜ್ವರ ಬಂದ್ರೂ ಹೇಳ್ಕೊಳ್ಳೋಕೆ ಆಗ್ತಿರ್ಲಿಲ್ಲ ಅಂತ ನಮ್ಮೆಲ್ಲರ ಎದುರಿಗೆ ಹೇಳ್ದ. ನಾನು ಅವನನ್ನ ನಗೆಪಾಟಲು ಮಾಡಿದೆ. ನೀವು ಬೇಜಾರು ಮಾಡ್ಕೋಬಾರ್ದು ಅಂತ ಮಾಡಿದೆ.”

ಗಿರೀಶ “ಅಕ್ಕ, ಬಿಡು ಈಗ, ಬೇಡ” ಎಂದು ನನ್ನ ಸೆರಗು ಎಳೆದ. ನಾನು ಫೋನನ್ನು ಹಾಗೆಯೇ ಹಿಡಿದುಕೊಂಡು ಅವನ ಕಡೆ ತಿರುಗಿದೆ.

“ಬಿಡಲ್ಲ ಕಣೋ. ತಪ್ಪಾಯ್ತು. ಎಲ್ಲರ ಮುಂದೆ ನಿನ್ನ ಮಾತನ್ನ ಸುಳ್ಳು ಮಾಡಿದೆ, ತಪ್ಪಾಯ್ತು. ನಿಂಗೆ ನೋವಿದೆ ಅಂತ ಕಣ್ಣಿಗೆ ಕಾಣ್ತಿದ್ರೂ ಬೇಡ ಅಂದ ಅಂತ ಬಿಟ್ಟು ಹೋದೆ. ನನ್ನನ್ನ ಕ್ಷಮಿಸು ಗಿರೀ.”